ಸಂಧಿಗೂ ವಿಗ್ರಹಕ್ಕೂ ಒಬ್ಬನೇ ದೂತ

ಕನ್ನಡದ ಶಬ್ದವೊಂದು ಲ್ಯಾಟಿನ್ ವೇಷ ತೊಟ್ಟು ವಿಜ್ಞಾನದ ಗ್ರಂಥಗಳನ್ನು ಸೇರಿದ ಪ್ರಸಂಗಗಳು ವಿರಳ. ಅಂಥವುಗಳಲ್ಲಿ ಒಂದು 'ಕೊಳೆರೋಗ'. ಮಳೆಗಾಲದ ನಡುವೆ ಕಾಫಿಯ ಎಲೆ ಕಪ್ಪಾಗಿ ಕೊಳೆತು, ತೊಟ್ಟು ಕಳಚಿದ ಮೇಲೂ ನೆಲಕ್ಕೆ ಬೀಳದೆ, ಬೂಷ್ಟಿನ ಎಳೆಗಳಿಗೆ ಸಿಕ್ಕಿ ಕೊಂಬೆಯಲ್ಲೇ ತೂಗಾಡುವುದನ್ನು ಕೊಡಗಿನ ಬೆಳೆಗಾರರೆಲ್ಲ ಬಲ್ಲರು. ಈ ರೋಗವನ್ನು ತರುವ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ಎಂ. ಸಿ. ಕುಕ್ ಹೆಸರಿಡಬೇಕಾಗಿ ಬಂದಾಗ, ಮೈಸೂರು ಸೀಮೆಯ ತೋಟಗಳಲ್ಲಿ ಜನರ ಬಾಯಲ್ಲಿದ್ದ ಮಾತನ್ನೇ ಎತ್ತಿಕೊಂಡು 'ಪೆಲ್ಲಿಕ್ಯುಲೇರಿಯ ಕೊಳೆರೋಗ' ಎಂದು ಕರೆದರು. 1958ರಲ್ಲಿ ಹಾಲೆಂಡಿನ ಡಾಂಕ್ ಎಂಬ ವಿದ್ವಾಂಸರು ಆ ಶಬ್ದವನ್ನು ಕುಲದ ಹೆಸರಿನ ಪಟ್ಟಕ್ಕೇರಿಸಿ 'ಕೊಳೆರೋಗ ನಾಕ್ಸಿಯ' ಎಂದು ಬರೆದರು.

ಅಡಕೆಗೆ ಬರುವ ರೋಗವನ್ನೂ ನಾವು ಕೊಳೆರೋಗವೆಂದೇ ಕರೆಯುತ್ತೇವೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಅದರ ಬಗ್ಗೆ ವಿವರವಾದ ವರದಿಯನ್ನು ಪ್ರಕಟಿಸಿದರು. ಅಡಕೆಯನ್ನು ಕೊಳೆಸುವ ಜೀವಿ ಕಾಫಿಯನ್ನು ಕೊಳೆಸುವ ಜೀವಿಯ ದಾಯಾದಿಯೂ ಅಲ್ಲ. ಫೈಟಾಫ್ತರ ಎಂಬ ಅದು ಬೂಷ್ಟಿನಂತೆ ಕಂಡರೂ ವಂಶಾವಳಿಯಲ್ಲಿ ನೀರಿನ ಕಂದು ಪಾಚಿಗಳಿಗೆ ಹತ್ತಿರದ್ದು. ಕರಿಮೆಣಸಿನ ಬಳ್ಳಿಯನ್ನು ಬುಡದಿಂದ ಸೊರಗಿಸುವುದೂ ಅದರ ಬಳಗವೇ. ಹೀಗೆ ಇಲ್ಲಿ ಹೆಸರು ಒಂದು, ಕಾರಣ ಎರಡು.

ನಾನು ಇಂದು ಹೇಳಹೊರಟಿರುವುದು ಇದಕ್ಕೆ ತಿರುಗುಮುರುಗಾದ ಸಂಗತಿ. ಮಿತ್ರ, ಶತ್ರು ಎಂದು ನಾವು ಎರಡು ಹೆಸರಿಟ್ಟು ಬೇರೆ ಮಾಡಿದ ಶಿಲೀಂಧ್ರಗಳು ಗಿಡದ ಒಳಹೊಗುವ ಉಪಾಯ ಬಹುಮಟ್ಟಿಗೆ ಒಂದೇ ಬಗೆಯದು ಎಂಬುದು ಈಚಿನ ಮೂವತ್ತು ನಲವತ್ತು ವರ್ಷಗಳ ಸಂಶೋಧನೆಯಿಂದ ತಿಳಿದುಬಂದಿದೆ. ಇದು ಪ್ರಯೋಗಶಾಲೆಯ ಕುತೂಹಲ ಮಾತ್ರವಲ್ಲ. ಕೊಡಗಿನ ತೋಟಗಳಲ್ಲಿ ಅರೇಬಿಕಾ ಕಾಫಿಯ ಹೊಸ ಹೊಸ ತಳಿಗಳು ಆಸೆ ಹುಟ್ಟಿಸಿ ಕೈಕೊಟ್ಟದ್ದೇಕೆ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲಿದೆ.

ಒಂದು ಅರೇಬಿಕಾ ಗಿಡವನ್ನು ಮನಸ್ಸಿಗೆ ತಂದುಕೊಳ್ಳಿ. ಅದರ ಎಲೆಯ ಕೆಳಮೈಯಲ್ಲಿ ಅರಿಸಿನ ಬಣ್ಣದಿಂದ ಕಿತ್ತಳೆಗೆ ತಿರುಗಿದ ಪುಡಿ ಅಂಟಿಕೊಂಡಿದ್ದರೆ ಅದು ಎಲೆ ತುಕ್ಕು. ಆ ಪುಡಿಯ ಒಂದೊಂದು ಕಣವೂ ಒಂದೊಂದು ಬೀಜಾಣು. ಆಕಾರದಲ್ಲಿ ಹುರುಳಿಕಾಳಿನ ಹಾಗೆ. ಒಂದು ಮಗ್ಗುಲು ನುಣುಪು, ಇನ್ನೊಂದು ಮಗ್ಗುಲು ಮುಳ್ಳುಮುಳ್ಳು. ಅದಕ್ಕೇ 'ಅರೆ ನುಣುಪು' ಎಂಬ ಅರ್ಥದ ಹೆಮಿಲಿಯ ಎಂಬ ಹೆಸರೂ, 'ಹಾಳುಗೆಡಹುವುದು' ಎಂಬ ಅರ್ಥದ ವಾಸ್ಟಾಟ್ರಿಕ್ಸ್ ಎಂಬ ವಿಶೇಷಣವೂ ಅದಕ್ಕೆ ಬಂದವು. ಗಾಳಿಯಲ್ಲಿ ಬಂದ ಬೀಜಾಣು ಎಲೆಯ ಮೇಲಿನ ನೀರಹನಿಯಲ್ಲಿ ಮೊಳೆತು, ಕೆಳಮೈಯ ಪತ್ರರಂಧ್ರವನ್ನು ಹುಡುಕಿ ಒಳನುಗ್ಗುತ್ತದೆ. ಆಮೇಲೆ ಜೀವಕೋಶಗಳೊಳಗೆ ಚಿಕ್ಕ ಹೀರುಬೇರುಗಳನ್ನು ಚುಚ್ಚಿ ಆಹಾರ ಸೆಳೆಯುತ್ತದೆ.

ಈಗ ಅದೇ ಗಿಡದ ಬೇರಿಗೆ ಇಳಿಯೋಣ. ಅಲ್ಲಿಯೂ ಒಂದು ಶಿಲೀಂಧ್ರ ಬೇರಿನ ಕೋಶಗಳೊಳಗೆ ಹೊಕ್ಕು ಕುಳಿತಿದೆ. ಪುಟ್ಟ ಪೊದೆಯಂತೆ ಕವಲೊಡೆದು ಇಡೀ ಕೋಶವನ್ನು ತುಂಬಿಕೊಂಡಿದೆ. ಇದು ಬೇರಿನ ಒಡನಾಡಿ. ಇದರ ಎಳೆಗಳು ಬೇರಿನ ರೋಮಗಳು ಮುಟ್ಟಲಾರದ ದೂರಕ್ಕೆ ಚಾಚಿ, ಕೆಂಪು ಹುಳಿಮಣ್ಣಿನಲ್ಲಿ ಕಚ್ಚಿಕೊಂಡಿರುವ ರಂಜಕವನ್ನು ತಂದು ಗಿಡಕ್ಕೆ ಒಪ್ಪಿಸುತ್ತವೆ. ಪ್ರತಿಯಾಗಿ ಗಿಡ ಸಕ್ಕರೆಯನ್ನೂ ಕೊಬ್ಬನ್ನೂ ಕೊಡುತ್ತದೆ. ನೆಲದ ಮೇಲಿನ ಗಿಡಗಳಲ್ಲಿ ಸುಮಾರು ಮುಕ್ಕಾಲು ಪಾಲು ಈ ಸಹವಾಸದಲ್ಲಿ ಬದುಕುತ್ತವೆ. ಸ್ಕಾಟ್ಲೆಂಡಿನ ರೈನಿ ಎಂಬ ಊರಿನಲ್ಲಿ ಸಿಕ್ಕ, ನಲವತ್ತು ಕೋಟಿ ವರ್ಷಗಳಷ್ಟು ಹಳೆಯ ಸಸ್ಯದ ಪಳೆಯುಳಿಕೆಗಳಲ್ಲಿಯೂ ಇದರ ಗುರುತು ಕಂಡಿದೆ. ಕಾಫಿ, ಕರಿಮೆಣಸು, ಏಲಕ್ಕಿ, ಕಿತ್ತಳೆ, ಕೊಡಗಿನ ಈ ನಾಲ್ಕು ಸಂಪತ್ತುಗಳಿಗೂ ಈ ಒಡನಾಟ ಉಂಟು.

ಒಂದೇ ಗಿಡ, ಮೇಲೆ ಕಳ್ಳ, ಕೆಳಗೆ ನೆಂಟ. ಇಬ್ಬರೂ ಜೀವಕೋಶದ ಒಳಕ್ಕೇ ಹೋಗಿ ಕೂರುವವರು. ಗಿಡಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಇಬ್ಬರನ್ನೂ ಅದು ಹೇಗೆ ಬೇರೆಮಾಡಿ ಗುರುತಿಸೀತು?

ಗಿಡಕ್ಕೆ ಕಾವಲು ಇಲ್ಲವೆಂದಲ್ಲ. ಶಿಲೀಂಧ್ರಗಳ ಗೋಡೆಯಲ್ಲಿ ಕೈಟಿನ್ ಎಂಬ ಗಟ್ಟಿ ವಸ್ತುವಿದೆ. ಏಡಿಯ ಚಿಪ್ಪಿನಲ್ಲಿರುವುದೂ ಅದೇ. ಗಿಡಗಳಲ್ಲಿ ಅದು ಇಲ್ಲ. ಆದ್ದರಿಂದ ಕೈಟಿನ್ನಿನ ಚೂರು ಎಲ್ಲಿ ಕಂಡಿತೋ ಅಲ್ಲಿ ಅನ್ಯನೊಬ್ಬ ಬಂದಿದ್ದಾನೆ ಎಂದು ಗಿಡ ತಿಳಿಯುತ್ತದೆ. ಜೀವಕೋಶದ ಹೊರಮೈಯಲ್ಲಿರುವ ಗ್ರಾಹಕಗಳು ಆ ಚೂರನ್ನು ಹಿಡಿದು ಒಳಗೆ ಸುದ್ದಿ ಮುಟ್ಟಿಸುತ್ತವೆ. ಗೋಡೆ ದಪ್ಪವಾಗುತ್ತದೆ, ವಿಷಗಳು ತಯಾರಾಗುತ್ತವೆ, ಕೈಟಿನ್ನನ್ನು ಕತ್ತರಿಸುವ ಕಿಣ್ವಗಳು ಹೊರಬೀಳುತ್ತವೆ. ಬಂದ ಶಿಲೀಂಧ್ರಗಳಲ್ಲಿ ಬಹುಪಾಲು ಇಲ್ಲಿಯೇ ಸೋತು ಹಿಂದಿರುಗುತ್ತವೆ.

ಹಿಂದಿರುಗದೆ ಒಳಹೊಗುವವು ಮುಂದಾಗಿ ತಮ್ಮ ದೂತರನ್ನು ಕಳಿಸುತ್ತವೆ. ಈ ದೂತರು ಶಿಲೀಂಧ್ರ ತನ್ನ ಮೈಯಿಂದ ಸ್ರವಿಸುವ ಸಣ್ಣ ಸಣ್ಣ ಪ್ರೋಟೀನುಗಳು. ವಿಜ್ಞಾನಿಗಳು ಇವನ್ನು ಎಫೆಕ್ಟರ್ ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನಬೇಕೆಂದು ಯೋಚಿಸಿದಾಗ ನನಗೆ ನಮ್ಮ ಹಳೆಯ ಶಾಸನಗಳ ಪದವೊಂದು ನೆನಪಾಯಿತು. ಅಂದಿನ ಅರಸರ ಆಸ್ಥಾನದಲ್ಲಿ ಸಂಧಿವಿಗ್ರಹಿ ಎಂಬ ಅಧಿಕಾರಿಯಿರುತ್ತಿದ್ದ. ಸಂಧಿಯೆಂದರೆ ಒಪ್ಪಂದ, ವಿಗ್ರಹವೆಂದರೆ ಯುದ್ಧ. ಎರಡಕ್ಕೂ ಒಬ್ಬನೇ ಹೊಣೆಗಾರ. ಶಿಲೀಂಧ್ರದ ಈ ಪ್ರೋಟೀನುಗಳಿಗೆ ಇದಕ್ಕಿಂತ ಒಪ್ಪುವ ಹೆಸರು ನನಗೆ ತೋರಲಿಲ್ಲ.

ಮೊದಲು ವಿಗ್ರಹದ ಮಾತು. ಈ ಕೆಲಸವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಟೊಮೇಟೊ ಎಲೆಗೆ ಬರುವ ಒಂದು ಬೂಷ್ಟು. ಅದನ್ನು ಅಭ್ಯಾಸಮಾಡಿದವರು ಹಾಲೆಂಡಿನ ವಾಗೆನಿಂಗೆನ್ ನಗರದ ವಿಜ್ಞಾನಿಗಳು. ಆ ಬೂಷ್ಟು ಸ್ರವಿಸುವ ಒಂದು ಪ್ರೋಟೀನು ಶಿಲೀಂಧ್ರದ ಗೋಡೆಗೇ ಹೊದಿಕೆಯಂತೆ ಅಂಟಿಕೊಂಡು, ಗಿಡದ ಕತ್ತರಿ ಕಿಣ್ವಗಳು ತಾಗದಂತೆ ಕಾಪಾಡುತ್ತದೆ. ಇನ್ನೊಂದು ಪ್ರೋಟೀನು ಉದುರಿಬಿದ್ದ ಕೈಟಿನ್ ಚೂರುಗಳನ್ನು ಗಿಡದ ಗ್ರಾಹಕಕ್ಕೆ ಸಿಗುವ ಮೊದಲೇ ಹೆಕ್ಕಿ ಬಚ್ಚಿಡುತ್ತದೆ. ಒಂದು ರಕ್ಷೆ, ಇನ್ನೊಂದು ಸಾಕ್ಷ್ಯನಾಶ. ಮೆಕ್ಕೆಜೋಳದ ಕಾಡಿಗೆ ರೋಗದ ಶಿಲೀಂಧ್ರ ಇನ್ನೂ ಒಳಗಿನ ಕೆಲಸ ಮಾಡುತ್ತದೆ. ಅದು ಕಳಿಸಿದ ಕಿಣ್ವ ಗಿಡದ ಕೋಶವನ್ನು ಹೊಕ್ಕು, ರಕ್ಷಣೆಯ ರಸಾಯನಕ್ಕೆ ಬೇಕಾದ ಕಚ್ಚಾಸಾಮಗ್ರಿಯನ್ನು ಬೇರೆ ದಾರಿಗೆ ತಿರುಗಿಸಿಬಿಡುತ್ತದೆ ಎಂದು 2011ರಲ್ಲಿ ಗೊತ್ತಾಯಿತು. ಕಾಫಿಯ ತುಕ್ಕಿನಲ್ಲಿಯೂ ಸ್ರವಿಸಲ್ಪಡುವ ಪ್ರೋಟೀನುಗಳ ನೂರಾರು ವಂಶವಾಹಿಗಳನ್ನು ಗುರುತಿಸಿದ್ದಾರೆ.

ಇನ್ನು ಸಂಧಿಯ ಮಾತು. ಬೇರಿನ ಒಡನಾಡಿ ಶಿಲೀಂಧ್ರ ಸಾಧುಪ್ರಾಣಿಯಂತೆ, ಕರೆದ ಮನೆಗೆ ಬರಿಗೈಯಲ್ಲಿ ಬರುತ್ತದೆಂದು ಬಹುಕಾಲ ಭಾವಿಸಿದ್ದರು. 2011ರಲ್ಲಿಯೇ ಜರ್ಮನಿಯಲ್ಲಿ ನಡೆದ ಅಭ್ಯಾಸ ಆ ಭಾವನೆಯನ್ನು ಕದಲಿಸಿತು. ಒಡನಾಡಿಯೂ ಒಂದು ಪ್ರೋಟೀನನ್ನು ಬೇರಿನ ಕೋಶಕ್ಕೆ ಕಳಿಸುತ್ತದೆ. ಅದು ನೇರವಾಗಿ ಕೋಶಕೇಂದ್ರವನ್ನು ಸೇರಿ, ಗಿಡದ ರಕ್ಷಣೆಯನ್ನು ಚಾಲೂಮಾಡುವ ಪ್ರೋಟೀನಿನ ಕೈಹಿಡಿದು ನಿಲ್ಲಿಸುತ್ತದೆ. ಅವರು ಇನ್ನೊಂದು ಪರೀಕ್ಷೆಯನ್ನೂ ಮಾಡಿದರು. ಭತ್ತದ ಬೆಂಕಿರೋಗ ಕೊಡಗಿನ ಗದ್ದೆಗಳಿಗೆ ಹೊಸದಲ್ಲ. ಮಂಜು ಕವಿದ ತಂಪು ಹವೆಯಲ್ಲಿ ಗರಿಯೆಲ್ಲ ಸುಟ್ಟಂತಾಗುವ ರೋಗ ಅದು. ಬೆಂಕಿರೋಗದ ಶಿಲೀಂಧ್ರಕ್ಕೆ ಈ ಒಡನಾಡಿಯ ಪ್ರೋಟೀನನ್ನು ಕೊಟ್ಟು ನೋಡಿದಾಗ, ಅದು ಬೇರನ್ನು ಕೊಳೆಸುವ ಉಗ್ರತೆ ತಗ್ಗಿತು. ಶತ್ರುವಿನ ಬಾಯಲ್ಲಿ ಮಿತ್ರನ ಮಾತನ್ನಿಟ್ಟರೆ ಶತ್ರುವೂ ಒಂದಷ್ಟು ಮೆದುವಾಗುತ್ತಾನೆ!

2020ರಲ್ಲಿ ಇನ್ನೂ ಸೋಜಿಗದ ಸಂಗತಿ ಪ್ರಕಟವಾಯಿತು. ಟೊಮೇಟೊ ಬೂಷ್ಟಿನಂತೆಯೇ ಬೇರಿನ ಒಡನಾಡಿಯೂ ಕೈಟಿನ್ ಚೂರುಗಳನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನನ್ನು ಸ್ರವಿಸುತ್ತದೆ. ಅದೇ ಉಪಕರಣ, ಅದೇ ಕೆಲಸ. ಗಿಡದ ಕಡೆಯಿಂದಲೂ ಇದಕ್ಕೆ ಸರಿಜೋಡಿ ಇದೆ. ಭತ್ತದಲ್ಲಿ ಕೈಟಿನ್ನಿನ ಸುದ್ದಿಯನ್ನು ಒಳಗೆ ಮುಟ್ಟಿಸುವ ಒಂದು ಗ್ರಾಹಕ ಯುದ್ಧಕ್ಕೂ ಬೇಕು, ನಂಟಿಗೂ ಬೇಕು. ಅದನ್ನು ಕಳೆದುಕೊಂಡ ಗಿಡ ರೋಗದ ಎದುರು ದುರ್ಬಲವಾಗುವುದಷ್ಟೇ ಅಲ್ಲ, ಒಡನಾಡಿಯನ್ನು ಬರಮಾಡಿಕೊಳ್ಳುವುದರಲ್ಲಿಯೂ ಹಿಂದೆ ಬೀಳುತ್ತದೆ. ಬಾಗಿಲು ಒಂದೇ, ಬಾಗಿಲು ತಟ್ಟುವ ಸದ್ದೂ ಹೆಚ್ಚುಕಡಿಮೆ ಒಂದೇ.

ಹಾಗಾದರೆ ಮಿತ್ರನೆಂಬ ಹೆಸರಿಗೆ ಆಧಾರವೇನು? ನನ್ನ ತಿಳಿವಳಿಕೆಯಂತೆ, ಒಳಗೆ ಬಂದ ಮೇಲೆ ನಡೆಯುವ ಕೊಡುಕೊಳೆಯೇ ಆಧಾರ. ರಂಜಕದ ಕೊರತೆಯಾದಾಗ ಗಿಡವೇ ಬೇರಿನಿಂದ ಒಂದು ರಾಸಾಯನಿಕವನ್ನು ಮಣ್ಣಿಗೆ ಬಿಟ್ಟು ಒಡನಾಡಿಯನ್ನು ಕರೆಯುತ್ತದೆ. ಇದನ್ನು ಜಪಾನಿನ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ರಂಜಕ ಹೇರಳವಾದಾಗ ಗಿಡ ಕರೆಯುವುದನ್ನು ನಿಲ್ಲಿಸುತ್ತದೆ, ಬಾಗಿಲನ್ನು ಬಿಗಿಮಾಡುತ್ತದೆ. ರಂಜಕ ತರದ ಕವಲುಗಳನ್ನು ಕೋಶ ಬೇಗನೆ ಕರಗಿಸಿಬಿಡುತ್ತದೆ. ಈ ಸ್ನೇಹದಲ್ಲಿ ದಿನದಿನವೂ ಲೆಕ್ಕ ಒಪ್ಪಿಸಬೇಕು. ತುಕ್ಕು ಯಾವ ಲೆಕ್ಕವನ್ನೂ ಒಪ್ಪಿಸುವುದಿಲ್ಲ.

ಆದರೆ ದೂತನನ್ನು ಕಳಿಸುವುದರಲ್ಲಿ ಒಂದು ಅಪಾಯವೂ ಇದೆ. ದೂತನ ಮುಖವನ್ನು ಎದುರು ಪಕ್ಷದವರು ಗುರುತು ಹಿಡಿದುಬಿಟ್ಟರೆ? ಅಮೆರಿಕದ ನಾರ್ತ್ ಡಕೋಟದಲ್ಲಿ ಅಗಸೆ ಗಿಡದ ತುಕ್ಕನ್ನು ಅಭ್ಯಾಸಮಾಡುತ್ತಿದ್ದ ಹೆರಾಲ್ಡ್ ಫ್ಲೋರ್ 1940ರ ದಶಕದಲ್ಲಿ ಒಂದು ನಿಯಮವನ್ನು ಕಂಡುಕೊಂಡರು. ಗಿಡದಲ್ಲಿ ರೋಗವನ್ನು ತಡೆಯುವ ಒಂದು ವಂಶವಾಹಿ ಇದ್ದರೆ, ಅದಕ್ಕೆ ಎದುರಾಗಿ ಶಿಲೀಂಧ್ರದಲ್ಲಿಯೂ ಒಂದು ವಂಶವಾಹಿ ಇರುತ್ತದೆ. ಎರಡೂ ಒಂದಕ್ಕೊಂದು ತಾಳೆಯಾದಾಗ ಮಾತ್ರ ಗಿಡ ಉಳಿಯುತ್ತದೆ. ಶಿಲೀಂಧ್ರದ ಆ ವಂಶವಾಹಿ ಏನೆಂಬುದು ಅವರ ಕಾಲಕ್ಕೆ ತಿಳಿದಿರಲಿಲ್ಲ. 1991ರಲ್ಲಿ ಟೊಮೇಟೊ ಬೂಷ್ಟಿನಿಂದ ಅಂಥ ಮೊದಲ ವಂಶವಾಹಿಯನ್ನು ಬೇರ್ಪಡಿಸಿದಾಗ ಗುಟ್ಟು ಬಯಲಾಯಿತು. ಅದು ಕೇವಲ 28 ಅಮೈನೋ ಆಮ್ಲಗಳ ಒಂದು ಪುಟ್ಟ ಸ್ರಾವ, ಒಬ್ಬ ದೂತ. ಅವನ ಗುರುತು ಬಲ್ಲ ಟೊಮೇಟೊ ತಳಿ ಅವನನ್ನು ಕಂಡೊಡನೆ ತನ್ನ ಆ ಭಾಗದ ಕೋಶಗಳನ್ನೇ ಸಾಯಿಸಿ, ಬೂಷ್ಟನ್ನು ಅಲ್ಲಿಯೇ ಹಸಿವಿನಿಂದ ಕೊಲ್ಲುತ್ತದೆ. ಆ ತಳಿಯನ್ನು ಮಣಿಸಿದ ಬೂಷ್ಟಿನ ಪಂಗಡಗಳನ್ನು ನೋಡಿದರೆ, ಅವುಗಳಲ್ಲಿ ಆ ವಂಶವಾಹಿಯೇ ಇರಲಿಲ್ಲ. ಗುರುತು ಸಿಕ್ಕಿಬಿದ್ದ ದೂತನನ್ನು ಅವು ಕೆಲಸದಿಂದ ತೆಗೆದುಹಾಕಿದ್ದವು!

ಇಷ್ಟನ್ನು ತಿಳಿದುಕೊಂಡು ಕಾಫಿಯ ಚರಿತ್ರೆಯನ್ನು ಓದಿದರೆ ಅದು ಬೇರೆಯಾಗಿ ಕಾಣುತ್ತದೆ. ಮಡಿಕೇರಿಯ ಬಳಿ ಫೌಲರ್ ಎಂಬ ಯುರೋಪಿಯನ್ನರು 1854ರಲ್ಲಿ ತೋಟ ತೆರೆದರು. ಅಲ್ಲಿಂದ ಕೊಡಗಿನ ಬೆಟ್ಟಗಳಲ್ಲಿ ಕಾಫಿ ಹಬ್ಬಿತು. 1869ರಲ್ಲಿ ಸಿಂಹಳದಿಂದ ಬಂದ ಎಲೆಗಳನ್ನು ನೋಡಿ ಬರ್ಕ್‌ಲಿ ಮತ್ತು ಬ್ರೂಮ್ ತುಕ್ಕಿಗೆ ಹೆಸರಿಟ್ಟರು. 1880ರಿಂದ 1882ರ ವರೆಗೆ ಸಿಂಹಳದಲ್ಲಿದ್ದ ಮಾರ್ಷಲ್ ವಾರ್ಡ್ ಅದರ ಜೀವನಕ್ರಮವನ್ನು ಬಿಡಿಸಿಟ್ಟರೂ ಅಲ್ಲಿಯ ಕಾಫಿ ಉಳಿಯಲಿಲ್ಲ. ಗುಡ್ಡದಿಂದ ಗುಡ್ಡಕ್ಕೆ ಎಡೆಬಿಡದೆ ನೆಟ್ಟ ಒಂದೇ ಬೆಳೆ ಗಾಳಿಗೆ ತೆರೆದ ಹಾದಿಯಾಯಿತು. ಸಿಂಹಳ ಚಹಾಕ್ಕೆ ತಿರುಗಿತು. ತುಕ್ಕು ನಮ್ಮ ದೇಶಕ್ಕೂ ಆಗಲೇ ಬಂದಿತ್ತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ತೋಟವೊಂದರಲ್ಲಿ ಕೆಂಟ್ ಎಂಬ ಬೆಳೆಗಾರರು ತುಕ್ಕು ಹತ್ತದ ಗಿಡವೊಂದನ್ನು ಆರಿಸಿಕೊಂಡರು. ಅವರ ಹೆಸರಿನ ತಳಿ ಎಲ್ಲೆಡೆ ಹಬ್ಬಿತು. ಕೆಲವು ವರ್ಷ ನಿಶ್ಚಿಂತೆ. ಆಮೇಲೆ ಕೆಂಟ್ ಗಿಡಗಳಿಗೂ ತುಕ್ಕು ಬಂತು. ಕೋಲ್ಮನ್ ಅವರ ಪ್ರಯತ್ನದಿಂದ 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗಕೇಂದ್ರ ಸ್ಥಾಪನೆಯಾಗಿತ್ತು. ಅಲ್ಲಿ ವಿಲ್ಸನ್ ಮೇನ್ ಅವರು 1930ರ ದಶಕದಲ್ಲಿ, ತುಕ್ಕು ಕಣ್ಣಿಗೆ ಒಂದೇ ಆಗಿ ಕಂಡರೂ ಅದರೊಳಗೆ ಹಲವು ಪಂಗಡಗಳಿವೆ, ಕೆಂಟನ್ನು ಮಣಿಸಬಲ್ಲ ಪಂಗಡ ಬೇರೆಯದೇ ಇದೆ ಎಂದು ಸಿದ್ಧಪಡಿಸಿದರು. ಕಾಫಿಯ ತುಕ್ಕಿನಲ್ಲಿ ಪಂಗಡಗಳಿವೆಯೆಂದು ಜಗತ್ತಿಗೆ ಮೊದಲು ತಿಳಿದದ್ದು ಕರ್ನಾಟಕದ ಈ ಮಲೆನಾಡಿನ ಊರಿನಿಂದ. ಇದು ನಾವು ಹೆಮ್ಮೆಪಡಬೇಕಾದ ಮಾತು; ಆದರೆ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ!

1940ರ ದಶಕದಲ್ಲಿ ಎಸ್.795 ಬಂತು. ಕೆಂಟಿನ ಜೊತೆಗೆ ಲಿಬೆರಿಕಾ ಎಂಬ ಇನ್ನೊಂದು ಜಾತಿಯ ಕಾಫಿಯ ಅಂಶವೂ ಅದರ ವಂಶದಲ್ಲಿ ಸೇರಿತ್ತು. ಅದರ ರುಚಿಯನ್ನು ಬಲ್ಲವರು ಇಂದಿಗೂ ಹೊಗಳುತ್ತಾರೆ, ಬೆಳೆಗಾರರು ಇಂದಿಗೂ ಬೆಳೆಯುತ್ತಾರೆ. ತುಕ್ಕನ್ನು ತಡೆಯುವ ಅದರ ಶಕ್ತಿ ಮಾತ್ರ ವರ್ಷಗಳು ಉರುಳಿದಂತೆ ಕುಂದಿತು. 1980ರ ದಶಕದಲ್ಲಿ ಬಂದ ಗಿಡ್ಡ ತಳಿಗೆ 'ಕಾವೇರಿ' ಎಂದೇ ಹೆಸರಿಟ್ಟರು. ತೈಮೋರ್ ದ್ವೀಪದಲ್ಲಿ ಅರೇಬಿಕಾ ಮತ್ತು ರೊಬಸ್ಟಾ ತಾವಾಗಿಯೇ ಕೂಡಿ ಹುಟ್ಟಿದ ಮಿಶ್ರತಳಿಯ ರಕ್ತ ಅದರಲ್ಲಿತ್ತು. ತಲಕಾವೇರಿಯ ನಾಡಿನಲ್ಲಿ ಆ ಹೆಸರಿಗೆ ಇದ್ದ ಭರವಸೆ ಹೇಳಬೇಕಾಗಿಲ್ಲ. ಕಾವೇರಿಗೂ ಕೆಲವೇ ವರ್ಷಗಳಲ್ಲಿ ತುಕ್ಕು ಹತ್ತಿತು. ಪೋರ್ಚುಗಲ್ಲಿನ ಓಯಿರಾಸ್ ಎಂಬಲ್ಲಿ 1955ರಿಂದ ಕೆಲಸಮಾಡುತ್ತಿರುವ ತುಕ್ಕಿನ ಸಂಶೋಧನಾಕೇಂದ್ರ ಐವತ್ತಕ್ಕೂ ಹೆಚ್ಚು ಪಂಗಡಗಳನ್ನು ಗುರುತಿಸಿದೆ.

ಪ್ರತಿಬಾರಿಯೂ ಬೆಳೆಗಾರ ಆಡುವ ಮಾತು ಒಂದೇ: ತಳಿ ಕೆಟ್ಟಿತು. ನನಗೆ ಹಾಗೆ ತೋರುವುದಿಲ್ಲ. ತಳಿ ತಾನು ಅರಿತಿದ್ದ ಗುರುತನ್ನು ಕೊನೆಯವರೆಗೂ ಮರೆಯಲಿಲ್ಲ. ಆ ಮುಖದ ದೂತನನ್ನು ತುಕ್ಕು ಕಳಿಸುವುದನ್ನು ಬಿಟ್ಟಿತು ಅಥವಾ ಅವನ ಮುಖವನ್ನು ಬದಲಿಸಿತು. ಇಡೀ ಬೆಟ್ಟದ ಗಿಡಗಳೆಲ್ಲ ಒಂದೇ ಗುರುತನ್ನು ನೆಚ್ಚಿದ್ದಾಗ ಒಂದು ಗಿಡದ ಕಾವಲನ್ನು ತಪ್ಪಿಸಿಕೊಂಡ ಬೀಜಾಣು ಬೆಟ್ಟದ ಎಲ್ಲ ಗಿಡಗಳ ಕಾವಲನ್ನೂ ತಪ್ಪಿಸಿಕೊಂಡ ಹಾಗೆಯೇ. ತಳಿಯ ನಿರೋಧಶಕ್ತಿಯೆಂಬುದು ಕಲ್ಲುಕೋಟೆ ಎಂದು ನಾವು ಭಾವಿಸಿದ್ದೆವು. ಅದು ವಾಯಿದೆಯಿರುವ ಕರಾರು. ವಾಯಿದೆ ಎಷ್ಟು ವರ್ಷ ಎಂಬುದನ್ನು ನಾವು ನೆಡುವ ರೀತಿ ಬಹುಮಟ್ಟಿಗೆ ನಿರ್ಧರಿಸುತ್ತದೆ.

ಇದರ ಬೆಲೆ ಸಣ್ಣದಲ್ಲ. ಕೊಡಗಿನಲ್ಲಿ ಇಂದು ಅರೇಬಿಕಾಕ್ಕಿಂತ ರೊಬಸ್ಟಾ ಹೆಚ್ಚು. ಬಿಳಿ ಕಾಂಡಕೊರಕ, ಕೂಲಿಯ ಅಭಾವ, ಬೆಲೆಯ ಏರಿಳಿತ, ಇವೆಲ್ಲ ಇದಕ್ಕೆ ಕಾರಣಗಳು. ತುಕ್ಕೂ ಒಂದು ಕಾರಣ. ಅರೇಬಿಕಾ ಉಳಿಸಿಕೊಂಡವರು ಮುಂಗಾರಿಗೆ ಮೊದಲೂ ಮಳೆ ನಿಂತ ಮೇಲೂ ಮೈಲುತುತ್ತ ಸುಣ್ಣ ಬೆರೆಸಿದ ಬೋರ್ಡೊ ದ್ರಾವಣವನ್ನು ಸಿಂಪಡಿಸುತ್ತಾರೆ. ಅದು ತುಕ್ಕಿನ ಬೀಜಾಣುವನ್ನು ಎಲೆಯ ಹೊರಗೇ ಕೊಲ್ಲುತ್ತದೆ. ಅಲ್ಲಿ ದೂತರ ಆಟ ನಡೆಯದು. ಆದರೆ ಸಿಂಪಡಿಸಿದ ತಾಮ್ರ ಕಡೆಗೆ ಮಣ್ಣಿಗೆ ಇಳಿಯುತ್ತದೆ, ವರ್ಷದಿಂದ ವರ್ಷಕ್ಕೆ ಶೇಖರವಾಗುತ್ತದೆ. ಹೆಚ್ಚಾದ ತಾಮ್ರ ಬೇರಿನ ಒಡನಾಡಿಗೂ ಹಿತವಲ್ಲ. ಗಿಡ ಕಷ್ಟಪಟ್ಟು ಮಾಡಿಕೊಂಡ ಶತ್ರುಮಿತ್ರ ವಿವೇಕ ನಮ್ಮ ಮದ್ದಿಗಿಲ್ಲ.

ಹಾಗಾದರೆ ಏನು ಮಾಡಬೇಕು? 1946ರಲ್ಲಿ ಆರಂಭವಾದ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರೂ ಬಾಳೆಹೊನ್ನೂರಿನವರೂ ಹೊಸ ತಳಿಗಳನ್ನು ಪರೀಕ್ಷಿಸುತ್ತಲೇ ಇದ್ದಾರೆ. 2007ರಲ್ಲಿ 'ಚಂದ್ರಗಿರಿ' ಎಂಬ ತಳಿ ಬಂದಿದೆ. ಅದರ ಕರಾರಿನ ವಾಯಿದೆಯನ್ನು ಕಾಲವೇ ಹೇಳಬೇಕು. ಒಂದೇ ಗಿಡದಲ್ಲಿ ಹಲವು ಗುರುತುಗಳನ್ನು ಒಟ್ಟಿಗೆ ಕೂಡಿಸುವುದು ವಿಜ್ಞಾನಿಗಳ ಗುರಿ. ಹಲವು ದೂತರನ್ನು ಒಮ್ಮೆಗೇ ಬದಲಿಸುವುದು ಶಿಲೀಂಧ್ರಕ್ಕೂ ಸುಲಭವಲ್ಲ. ಬೆಳೆಗಾರ ತನ್ನ ಮಟ್ಟದಲ್ಲಿ ಮಾಡಬಹುದಾದದ್ದೂ ಇದರದೇ ಇನ್ನೊಂದು ರೂಪ: ಇಡೀ ತೋಟಕ್ಕೆ ಒಂದೇ ತಳಿಯನ್ನು ನೆಡದಿರುವುದು; ಎಲೆಯ ಮೇಲೆ ನೀರು ಬಹಳ ಹೊತ್ತು ನಿಲ್ಲದಂತೆ ನೆರಳುಮರಗಳ ಕೊಂಬೆ ಸವರಿ ಗಾಳಿ ಬೆಳಕು ಬಿಡುವುದು; ಮಣ್ಣನ್ನು ಪರೀಕ್ಷಿಸಿ, ಬೇಕಾದಷ್ಟೇ ರಂಜಕ ಕೊಡುವುದು. ಅಗತ್ಯ ಮೀರಿ ಸುರಿದರೆ ಗಿಡ ತನ್ನ ಹಳೆಯ ನೆಂಟನಿಗೆ ತಾನೇ ಬಾಗಿಲು ಮುಚ್ಚುತ್ತದೆ.

ನಮ್ಮ ಹಿರಿಯರು ಕಾಡುಮರದ ನೆರಳಲ್ಲಿ ಕಾಫಿ, ಆ ಮರಕ್ಕೆ ಹಬ್ಬಿಸಿದ ಮೆಣಸು, ನಡುನಡುವೆ ಕಿತ್ತಳೆ, ತಂಪಿನ ತಗ್ಗಿನಲ್ಲಿ ಏಲಕ್ಕಿ ಎಂದು ತೋಟ ಕಟ್ಟಿದ್ದು ಪ್ರೋಟೀನುಗಳ ವಿಚಾರ ತಿಳಿದು ಅಲ್ಲ. ಆದರೂ ಅಂಥ ತೋಟದ ಮಣ್ಣಿನಲ್ಲಿ ಒಂದೇ ಒಡನಾಡಿ ಹಲವು ಜಾತಿಯ ಬೇರುಗಳೊಡನೆ ನಂಟು ಬೆಳೆಸಬಹುದು. ಅಲ್ಲಿಯ ಗಾಳಿಯಲ್ಲಿ ತುಕ್ಕಿನ ಬೀಜಾಣು ತನಗೆ ಹೊಂದದ ಎಲೆಗಳ ಮೇಲೆ ಬಿದ್ದು ವ್ಯರ್ಥವಾಗುತ್ತದೆ. ಮುಂದಿನ ಸಲ ಸಸಿಮಡಿಯ ಮುಂದೆ ನಿಂತು, ಯಾವ ತಳಿ ತುಕ್ಕಿಗೆ ಎಂದೆಂದಿಗೂ ಜಗ್ಗುವುದಿಲ್ಲ ಎಂದು ಕೇಳುವ ಬೆಳೆಗಾರನಿಗೆ ನಾನು ಹೇಳಬಹುದಾದದ್ದು ಇಷ್ಟೇ: ಅಂಥ ತಳಿ ಇಲ್ಲ; ಎರಡು ಮೂರು ಬಗೆಯ ಸಸಿಗಳನ್ನು ಒಯ್ಯಿರಿ, ಬೆರೆಸಿ ನೆಡಿರಿ.